ಒಂದೇ ಕಾರು, ಎರಡು ಪ್ರೀಮಿಯಂ: ವಿಮಾ ಕಂಪನಿ ನಮ್ಮ ಅಪಾಯವನ್ನು ಅಳೆಯುವುದು ಹೇಗೆ?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಕಾರುಗಳನ್ನು ಕಲ್ಪಿಸಿಕೊಳ್ಳಿ. ಒಂದೇ ಮಾಡೆಲ್, ಒಂದೇ ವರ್ಷ ಕೊಂಡದ್ದು, ಬಣ್ಣವೂ ಒಂದೇ. ಮೊದಲನೆಯದರ ಮಾಲೀಕರು ನಿವೃತ್ತ ಶಿಕ್ಷಕಿ. ವಾರಕ್ಕೊಮ್ಮೆ ಮಾರುಕಟ್ಟೆಗೆ, ತಿಂಗಳಿಗೊಮ್ಮೆ ಮಗಳ ಮನೆಗೆ, ಅಷ್ಟೇ ಅವರ ಓಡಾಟ. ಎರಡನೆಯವರು ದಿನಾ ಹೊಸೂರು ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಓಡಿಸುತ್ತಾರೆ. ಅವಸರದ ಮನುಷ್ಯ, ಹಳದಿ ದೀಪ ಕಂಡರೆ ವೇಗ ಹೆಚ್ಚಿಸುವವರು. ಈ ವರ್ಷ ವಿಮೆ ನವೀಕರಿಸುವಾಗ ಹೆಚ್ಚು ಹಣ ಕಟ್ಟಬೇಕಾಗಿ ಬಂದದ್ದು ಶಿಕ್ಷಕಿಗೆ! ಕಾರಣ ಇಷ್ಟೆ: ಕಳೆದ ವರ್ಷ ನಿಲ್ಲಿಸಿದ್ದ ಅವರ ಕಾರಿಗೆ ಯಾರೋ ಗುದ್ದಿ ಹೋಗಿದ್ದರು, ಅವರು ರಿಪೇರಿಗೆ ವಿಮೆ ಕ್ಲೇಮ್ ಮಾಡಿದ್ದರು.

ಇದು ನ್ಯಾಯವೇ? ಇಲ್ಲ ಎಂದು ತಕ್ಷಣ ಹೇಳಿಬಿಡಬಹುದು. ಆದರೆ ಹಾಗೆ ಹೇಳುವ ಮೊದಲು ವಿಮಾ ಕಂಪನಿಗೆ ನಮ್ಮ ಬಗ್ಗೆ ನಿಜಕ್ಕೂ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂದು ನೋಡಬೇಕು. ಅದನ್ನು ಅರಿತರೆ ಪ್ರೀಮಿಯಂ ಚೀಟಿಯಲ್ಲಿರುವ ಸಂಖ್ಯೆಗಳು ಅಷ್ಟೊಂದು ಒಗಟಾಗಿ ಕಾಣುವುದಿಲ್ಲ. ಅಲ್ಲಿ ಎಲ್ಲಿ ಲೆಕ್ಕ ಸರಿಯಿದೆ, ಎಲ್ಲಿ ಲೆಕ್ಕದ ಹೆಸರಿನಲ್ಲಿ ಬೇರೇನೋ ನಡೆದಿದೆ ಎಂಬುದೂ ತಿಳಿಯುತ್ತದೆ.

ಸಾವಿರ ಕಾರುಗಳ ಊರು

ವಿಮೆಯ ಮೂಲ ಲೆಕ್ಕ ಬಹಳ ಸರಳ. ಒಂದು ಊರಿನಲ್ಲಿ ಸಾವಿರ ಕಾರುಗಳಿವೆ ಎನ್ನೋಣ. ವರ್ಷಕ್ಕೆ ಅವುಗಳಲ್ಲಿ ಐವತ್ತಕ್ಕೆ ಅಪಘಾತವಾಗುತ್ತದೆ, ಒಂದೊಂದರ ರಿಪೇರಿಗೆ ಸರಾಸರಿ 30,000 ರೂಪಾಯಿ ಬೇಕು. ಒಟ್ಟು ಖರ್ಚು 15 ಲಕ್ಷ. ಸಾವಿರ ಜನ ಹಂಚಿಕೊಂಡರೆ ತಲೆಗೆ 1,500 ರೂಪಾಯಿ. ಯಾರ ಕಾರಿಗೆ ಏನಾಗುತ್ತದೆ ಎಂದು ಯಾರೂ ಹೇಳಲಾರರು, ಆದರೆ ಸಾವಿರ ಕಾರುಗಳಲ್ಲಿ ಸುಮಾರು ಎಷ್ಟಕ್ಕೆ ಆಗುತ್ತದೆ ಎಂದು ಹೇಳಬಹುದು. ಗುಂಪು ದೊಡ್ಡದಾದಷ್ಟೂ ಈ ಅಂದಾಜು ನಿಖರವಾಗುತ್ತದೆ. ಇದರ ಮೇಲೆ ಕಚೇರಿ ಖರ್ಚು, ಏಜೆಂಟರ ಕಮಿಷನ್, ಲಾಭ, ತೆರಿಗೆ ಸೇರುತ್ತವೆ. ಸದ್ಯಕ್ಕೆ ಅದನ್ನು ಬಿಟ್ಟುಬಿಡೋಣ.

ಈಗ ಆ ಊರಿನಲ್ಲಿ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಸಾವಿರದಲ್ಲಿ 200 ಜನ ಹೊಸದಾಗಿ ಕಾರು ಕಲಿತವರು, ಐವತ್ತು ಅಪಘಾತಗಳಲ್ಲಿ 30 ಇವರ ಪಾಲಿನವು. ಉಳಿದ 800 ಜನರ ಪಾಲಿಗೆ ಬರುವುದು 20 ಮಾತ್ರ. ಹೊಸಬರ ಗುಂಪಿನಲ್ಲಿ ತಲೆಗೆ ಬೀಳುವ ಖರ್ಚು 4,500 ರೂಪಾಯಿ, ಅನುಭವಿಗಳ ಗುಂಪಿನಲ್ಲಿ ಬರೀ 750. ಎಲ್ಲರಿಂದಲೂ 1,500 ತೆಗೆದುಕೊಳ್ಳುವ ಕಂಪನಿಯ ಎದುರು ಇನ್ನೊಂದು ಕಂಪನಿ ಅಂಗಡಿ ತೆರೆದು, 'ಹತ್ತು ವರ್ಷ ಅನುಭವ ಇರುವವರಿಗೆ 900 ರೂಪಾಯಿ ಸಾಕು' ಎಂದು ಬೋರ್ಡು ಹಾಕಿದರೆ ಏನಾಗುತ್ತದೆ? ಅನುಭವಿಗಳೆಲ್ಲ ಅತ್ತ ಹೋಗುತ್ತಾರೆ. ಮೊದಲ ಕಂಪನಿಯಲ್ಲಿ ಉಳಿಯುವವರು 1,500 ಕಟ್ಟಿ 4,500 ಖರ್ಚು ತರುವವರು ಮಾತ್ರ. ಆ ಕಂಪನಿ ದರ ಏರಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು.

ವಿಮಾ ಕಂಪನಿಗಳು ನಮ್ಮನ್ನು ಗುಂಪುಗಳಾಗಿ ಒಡೆಯುವುದು ದುರಾಸೆಯಿಂದಲೇ ಎಂದೇನಿಲ್ಲ ಎನ್ನುವುದಕ್ಕೆ ಈ ಲೆಕ್ಕ ಕೊಟ್ಟೆವು. ಸ್ಪರ್ಧೆ ಇರುವ ಕಡೆ ಗುಂಪು ಒಡೆಯದ ಕಂಪನಿ ಉಳಿಯುವುದೇ ಕಷ್ಟ. ತಕರಾರು ಇರುವುದು ಗುಂಪನ್ನು ಯಾವ ಗೆರೆಯ ಮೇಲೆ ಒಡೆಯಬೇಕು ಎಂಬುದರಲ್ಲಿ.

ಎಚ್ಚರಿಕೆ ಕಣ್ಣಿಗೆ ಕಾಣುವುದಿಲ್ಲ

ಚಾಲಕನ ಎಚ್ಚರಿಕೆಯನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಹಾಗಾಗಿ ವಿಮಾ ಗಣಿತದವರು ಎಚ್ಚರಿಕೆಯ ಬದಲು ಅದರ ಜೊತೆ ನಂಟಿರಬಹುದಾದ, ಸುಲಭವಾಗಿ ಕಾಣುವ ಗುರುತುಗಳನ್ನು ಹುಡುಕುತ್ತಾರೆ. ವಯಸ್ಸು, ಊರು, ಎಂಜಿನ್ ಗಾತ್ರ, ಕಾರಿನ ಬೆಲೆ, ಹಿಂದಿನ ಕ್ಲೇಮ್ ಇವೆಲ್ಲ ಅಂಥ ಗುರುತುಗಳು. ಒಂದು ಮಾತು ಇಲ್ಲಿ ನೆನಪಿಡಬೇಕು: ಗುರುತು ಗುಂಪಿನ ಬಗ್ಗೆ ನಿಜ ಹೇಳಬಹುದು, ಆದರೆ ವ್ಯಕ್ತಿಯ ಬಗ್ಗೆ ಹೇಳಲೇಬೇಕೆಂದಿಲ್ಲ. ಇಪ್ಪತ್ತರ ಹುಡುಗರ ಗುಂಪಿನಲ್ಲಿ ಅಪಘಾತ ಹೆಚ್ಚು ಎಂಬುದು ನಿಜ. ಆ ಗುಂಪಿನಲ್ಲಿ ಅಜ್ಜನಷ್ಟು ನಿಧಾನವಾಗಿ ಓಡಿಸುವ ಹುಡುಗನೂ ಇರುತ್ತಾನೆ, ಅವನೂ ಅದೇ ದರ ಕಟ್ಟುತ್ತಾನೆ.

ಹಾಗಾದರೆ ಗುರುತುಗಳನ್ನು ಬಿಟ್ಟು ಆ ವ್ಯಕ್ತಿಯ ಸ್ವಂತ ದಾಖಲೆಯನ್ನೇ ನೋಡಬಾರದೇ? ಅಪಘಾತ ಮಾಡಿದವನಿಗೆ ಹೆಚ್ಚು, ಮಾಡದವನಿಗೆ ಕಡಿಮೆ. ಕೇಳಲು ಇದಕ್ಕಿಂತ ನ್ಯಾಯವಾದದ್ದು ಇಲ್ಲ. ಇಲ್ಲಿರುವ ತೊಡಕು ಅದೃಷ್ಟ.

ಒಂದು ಲೆಕ್ಕ ಮಾಡೋಣ. ಎಚ್ಚರಿಕೆಯ ಚಾಲಕನಿಗೆ ವರ್ಷದಲ್ಲಿ ಅಪಘಾತವಾಗುವ ಸಾಧ್ಯತೆ ನೂರಕ್ಕೆ 5, ಅಜಾಗರೂಕನಿಗೆ ಮೂರು ಪಟ್ಟು, ಅಂದರೆ ನೂರಕ್ಕೆ 15 ಎಂದುಕೊಳ್ಳಿ. ನೂರು ಎಚ್ಚರಿಕೆಯವರು, ನೂರು ಅಜಾಗರೂಕರು ಇದ್ದಾರೆ. ವರ್ಷ ಮುಗಿದಾಗ ಏನೂ ಆಗದೆ ಉಳಿದವರು ಮೊದಲ ಗುಂಪಿನಿಂದ 95, ಎರಡನೆಯದರಿಂದ 85. ಅಂದರೆ 'ಒಂದು ವರ್ಷ ಅಪಘಾತವಿಲ್ಲ' ಎಂಬ ಪ್ರಮಾಣಪತ್ರ ಹಿಡಿದು ಬಂದ 180 ಜನರಲ್ಲಿ ನಿಜಕ್ಕೂ ಎಚ್ಚರಿಕೆಯವರು ನೂರಕ್ಕೆ 53 ಮಾತ್ರ. ಏನೂ ತಿಳಿಯದಿದ್ದಾಗ ಈ ಪ್ರಮಾಣ 50 ಇತ್ತು, ಒಂದಿಡೀ ವರ್ಷ ಕಾದ ಮೇಲೆ 53 ಆಯಿತು! ಐದು ವರ್ಷ ಸತತವಾಗಿ ಅಪಘಾತವಿಲ್ಲದೆ ಕಳೆದವರನ್ನು ನೋಡಿದರೂ ಅವರಲ್ಲಿ ಎಚ್ಚರಿಕೆಯವರು ನೂರಕ್ಕೆ 64ರ ಆಸುಪಾಸು. ಉಳಿದವರು ಅದೃಷ್ಟವಂತರು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಆ ಒಂದು ವರ್ಷದಲ್ಲಿ ಅಪಘಾತ ಮಾಡಿಕೊಂಡವರು ಒಟ್ಟು 20 ಜನ, ಅವರಲ್ಲಿ 15 ಮಂದಿ ಅಜಾಗರೂಕರು. ನೂರಕ್ಕೆ 75! ಅಪಘಾತವಿಲ್ಲದ ಒಂದು ವರ್ಷ ಬಹಳ ಕಡಿಮೆ ಹೇಳುತ್ತದೆ, ಒಂದು ಅಪಘಾತ ಬಹಳ ಹೆಚ್ಚು ಹೇಳುತ್ತದೆ. ನೋ ಕ್ಲೇಮ್ ಬೋನಸ್ ಒಂದೊಂದೇ ಮೆಟ್ಟಿಲು ಹತ್ತಿ, ಒಂದೇ ಏಟಿಗೆ ಕೆಳಗೆ ಬೀಳುವುದರ ಹಿಂದೆ ಈ ತರ್ಕವಿದೆ. ನಾವು ತೆಗೆದುಕೊಂಡ ಸಂಖ್ಯೆಗಳು ಉದಾಹರಣೆಗೆ ಮಾತ್ರ, ಆದರೆ ಅಪಘಾತ ಅಪರೂಪದ ಘಟನೆಯಾಗಿರುವ ತನಕ ಬೇರೆ ಸಂಖ್ಯೆ ಹಾಕಿದರೂ ಕಥೆಯ ದಿಕ್ಕು ಬದಲಾಗುವುದಿಲ್ಲ.

ನಮ್ಮ ಪಾಲಿಸಿಯಲ್ಲಿ ಎರಡು ವಿಮೆಗಳಿವೆ

ಈಗ ಭಾರತಕ್ಕೆ ಬರೋಣ. ನಾವು 'ಫುಲ್ ಇನ್ಶೂರೆನ್ಸ್' ಎಂದು ಕರೆಯುವ ಪಾಲಿಸಿಯೊಳಗೆ ನಿಜಕ್ಕೂ ಎರಡು ಬೇರೆ ಬೇರೆ ವಿಮೆಗಳಿರುತ್ತವೆ, ಎರಡರ ದರ ನಿಗದಿಯಾಗುವ ರೀತಿಯೂ ಬೇರೆ. ಒಂದು ಥರ್ಡ್ ಪಾರ್ಟಿ: ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇನ್ನೊಂದು ಓನ್ ಡ್ಯಾಮೇಜ್: ನಮ್ಮ ಕಾರಿಗೆ ಆಗುವ ಹಾನಿಗೆ, ಕಳ್ಳತನಕ್ಕೆ.

ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಇದು ಇಷ್ಟು ಬಿಗಿಯಾಗಿರುವುದು ಕಾರಿನ ಮಾಲೀಕನ ಸಲುವಾಗಿ ಅಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ದುಡಿಯುವ ಒಬ್ಬ ವ್ಯಕ್ತಿ ಹೀಗೆ ಸತ್ತಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಆತನ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ನೋಡಿ ಪರಿಹಾರ ನಿಗದಿ ಮಾಡುತ್ತದೆ. ಆ ಮೊತ್ತ ಹಲವು ಲಕ್ಷ, ಕೆಲವೊಮ್ಮೆ ಕೋಟಿ ದಾಟುತ್ತದೆ. ಗುದ್ದಿದವನ ಬಳಿ ವಿಮೆ ಇಲ್ಲದಿದ್ದರೆ ತೀರ್ಪಿನ ಕಾಗದ ಕೈಯಲ್ಲಿರುತ್ತದೆ, ಹಣ ವಸೂಲಾಗುವುದು ಬಹಳ ಕಷ್ಟ.

ಹೀಗಾಗಿ ಥರ್ಡ್ ಪಾರ್ಟಿ ದರವನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ಜೊತೆ ಸಮಾಲೋಚಿಸಿ ಕೇಂದ್ರ ಸರ್ಕಾರವೇ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷಕ್ಕೆ ಇರುವ ದರ ಹೀಗೆ: ಎಂಜಿನ್ 1000 ಸಿಸಿ ಒಳಗಿದ್ದರೆ 2,094 ರೂಪಾಯಿ, 1000ರಿಂದ 1500 ಸಿಸಿ ಇದ್ದರೆ 3,416, ಅದಕ್ಕೂ ಮೇಲಿದ್ದರೆ 7,897. ವಿದ್ಯುತ್ ಕಾರುಗಳಿಗೆ ಸಿಸಿ ಬದಲು ಕಿಲೋವ್ಯಾಟ್ ಲೆಕ್ಕ, ಜೊತೆಗೆ ಶೇ. 15 ರಿಯಾಯಿತಿ. ಪಟ್ಟಿ ಇಷ್ಟೇ. ಚಾಲಕ ಯಾರು, ಎಷ್ಟು ಕಿಲೋಮೀಟರ್ ಓಡಿಸುತ್ತಾನೆ, ಎಷ್ಟು ಸಲ ಸಿಗ್ನಲ್ ಹಾರಿ ದಂಡ ಕಟ್ಟಿದ್ದಾನೆ, ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ.

ಸಿಸಿ ಕೂಡ ಒಂದು ಗುರುತು ಮಾತ್ರ ಎಂಬುದನ್ನು ಗಮನಿಸಿ. ದೊಡ್ಡ ಎಂಜಿನ್ ಅಂದರೆ ಭಾರವಾದ, ವೇಗವಾದ ಕಾರು, ಗುದ್ದಿದರೆ ಹೆಚ್ಚು ಪೆಟ್ಟು ಎಂಬುದು ಅದರ ಹಿಂದಿನ ಎಣಿಕೆ. ಹಿಂದೆ ಅದು ಒಂದು ಮಟ್ಟಿಗೆ ಸರಿಯಾಗಿತ್ತು. ಈಗ 998 ಸಿಸಿಯ ಟರ್ಬೊ ಎಂಜಿನ್ ಸುಮಾರು 100 ಅಶ್ವಶಕ್ತಿ ಕೊಡುತ್ತದೆ, 1197 ಸಿಸಿಯ ಸಾಧಾರಣ ಎಂಜಿನ್ 80-90ರಲ್ಲಿ ನಿಲ್ಲುತ್ತದೆ. ಶಕ್ತಿ ಹೆಚ್ಚಿರುವ ಕಾರು ಕಡಿಮೆ ದರದ ಸಾಲಿನಲ್ಲಿ, ಶಕ್ತಿ ಕಡಿಮೆ ಇರುವುದು ಹೆಚ್ಚಿನ ದರದ ಸಾಲಿನಲ್ಲಿ! ಗುರುತುಗಳು ಹಳತಾಗುವುದು ಹೀಗೆ. ತಂತ್ರಜ್ಞಾನ ಮುಂದೆ ಹೋಗಿರುತ್ತದೆ, ಪಟ್ಟಿ ಅಲ್ಲೇ ನಿಂತಿರುತ್ತದೆ.

ದಂಡದ ದಾಖಲೆಗೂ ಪ್ರೀಮಿಯಂಗೂ ಗಂಟು ಹಾಕುವ ಮಾತು ನಮ್ಮಲ್ಲಿ ಆಗದೆ ಇಲ್ಲ. ಐಆರ್‌ಡಿಎಐ ನೇಮಿಸಿದ್ದ ತಂಡವೊಂದು 2021ರ ಜನವರಿಯಲ್ಲಿ 'ಸಂಚಾರ ಉಲ್ಲಂಘನೆ ಪ್ರೀಮಿಯಂ' ಎಂಬ ಪ್ರತ್ಯೇಕ ಭಾಗವನ್ನು ಪಾಲಿಸಿಗೆ ಸೇರಿಸಬೇಕೆಂದು ಶಿಫಾರಸು ಮಾಡಿ, ದೆಹಲಿಯಲ್ಲಿ ಪ್ರಯೋಗ ಮಾಡಿ ನೋಡಬಹುದು ಎಂದಿತ್ತು. ಕುಡಿದು ಓಡಿಸಿದವನಿಗೂ ತಪ್ಪು ಜಾಗದಲ್ಲಿ ನಿಲ್ಲಿಸಿದವನಿಗೂ ಬೇರೆ ಬೇರೆ ಅಂಕ, ಅಂಕ ಹೆಚ್ಚಾದಷ್ಟೂ ಕಟ್ಟುವ ಹಣ ಹೆಚ್ಚು ಎಂಬುದು ಅದರ ಸಾರ. ನಮ್ಮ ಮಟ್ಟಿಗೆ ಇದು ಸಿಸಿಗಿಂತ ಎಷ್ಟೋ ಒಳ್ಳೆಯ ಗುರುತು. ಒಂದೇ ಅನುಮಾನ: ಕ್ಯಾಮೆರಾ ಇರುವ ನಗರದವನ ದಾಖಲೆ ತುಂಬಿರುತ್ತದೆ, ಕ್ಯಾಮೆರಾ ಇಲ್ಲದ ಹೆದ್ದಾರಿಯಲ್ಲಿ ಹಾರುವವನ ದಾಖಲೆ ಶುಭ್ರವಾಗಿರುತ್ತದೆ.

ಓನ್ ಡ್ಯಾಮೇಜ್: ಊರು, ವಯಸ್ಸು, ಬೆಲೆ

ಪಾಲಿಸಿಯ ಎರಡನೇ ಭಾಗದಲ್ಲಿ ಕಂಪನಿಗಳಿಗೆ ಸ್ವಾತಂತ್ರ್ಯವಿದೆ. 2007ರ ಜನವರಿ 1ಕ್ಕೆ ಮೊದಲು ಇದಕ್ಕೂ ದೇಶಕ್ಕೆಲ್ಲ ಒಂದೇ ದರಪಟ್ಟಿ ಇತ್ತು. ಪಟ್ಟಿಯ ಕಟ್ಟು ಬಿಟ್ಟುಹೋದರೂ ಅದರ ಚೌಕಟ್ಟು ಅನೇಕ ಪಾಲಿಸಿಗಳಲ್ಲಿ ಇನ್ನೂ ಕಾಣುತ್ತದೆ, ಹಾಗಾಗಿ ಅದನ್ನು ತಿಳಿಯುವುದು ಒಳ್ಳೆಯದು. ಅದರಲ್ಲಿ ದೇಶವನ್ನು ಎರಡು ವಲಯ ಮಾಡಲಾಗಿತ್ತು. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಪುಣೆ, ಅಹಮದಾಬಾದ್ 'ಎ' ವಲಯ, ಉಳಿದ ದೇಶವೆಲ್ಲ 'ಬಿ' ವಲಯ. ಕರ್ನಾಟಕದಲ್ಲಿ ಬೆಂಗಳೂರೊಂದೇ 'ಎ', ಮೈಸೂರು, ಮಂಗಳೂರು, ಹುಬ್ಬಳ್ಳಿ ಎಲ್ಲ 'ಬಿ'.

ಐದು ವರ್ಷದೊಳಗಿನ, 1000ರಿಂದ 1500 ಸಿಸಿ ಕಾರಿಗೆ ಹಳೆಯ ಪಟ್ಟಿಯಲ್ಲಿದ್ದ ದರ 'ಎ' ವಲಯದಲ್ಲಿ ಕಾರಿನ ಮೌಲ್ಯದ ಶೇ. 3.283, 'ಬಿ' ವಲಯದಲ್ಲಿ ಶೇ. 3.191. ಕಾರಿನ ಮೌಲ್ಯ ಆರು ಲಕ್ಷ ಎನ್ನಿ. ಬೆಂಗಳೂರಿನಲ್ಲಿ 19,698 ರೂಪಾಯಿ, ಉಡುಪಿಯಲ್ಲಿ 19,146. ವ್ಯತ್ಯಾಸ 552 ರೂಪಾಯಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಈ 552 ರೂಪಾಯಿ ಬಹಳ ಕಡಿಮೆಯಾಯಿತು ಎಂದು ಬೆಂಗಳೂರಿನವರಿಗೇ ಅನಿಸಬಹುದು! ವಲಯ ನಿರ್ಧಾರವಾಗುವುದು ಕಾರು ಎಲ್ಲಿ ನೋಂದಣಿಯಾಗಿದೆ ಎಂಬುದರಿಂದ, ಎಲ್ಲಿ ಓಡುತ್ತದೆ ಎಂಬುದರಿಂದಲ್ಲ. ಇಂದು ಕಂಪನಿಗಳು ಇದಕ್ಕಿಂತ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತವೆ. ಯಾವ ಮಾಡೆಲಿನ ಬಂಪರ್ ಎಷ್ಟು ದುಬಾರಿ, ಯಾವ ಊರಿನ ನೋಂದಣಿಯ ಕಾರುಗಳಿಂದ ಎಷ್ಟು ಕ್ಲೇಮ್ ಬಂದಿದೆ, ಎಲ್ಲವೂ ಅವರ ಗಣಕದಲ್ಲಿರುತ್ತದೆ. ಒಂದೇ ಕಾರಿಗೆ ನಾಲ್ಕು ಕಂಪನಿಗಳು ನಾಲ್ಕು ದರ ಹೇಳುವುದು ಇದೇ ಕಾರಣಕ್ಕೆ. ಹಾಗೆಯೇ ಚೌಕಾಸಿ ಮಾಡಿದವರಿಗೆ ರಿಯಾಯಿತಿ ಹೆಚ್ಚು ಸಿಗುವುದೂ ಉಂಟು. ಅದಕ್ಕೂ ಅಪಾಯದ ಲೆಕ್ಕಕ್ಕೂ ಏನೂ ಸಂಬಂಧವಿಲ್ಲ.

ಇಲ್ಲಿ ಬರುವ 'ಕಾರಿನ ಮೌಲ್ಯ'ವೇ ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಸಂಖ್ಯೆ. ಕಾರು ಪೂರ್ತಿ ನಾಶವಾದರೆ ಅಥವಾ ಕಳುವಾದರೆ ಸಿಗುವ ಗರಿಷ್ಠ ಹಣ ಅದು. ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿಯನ್ನೇ ತಗ್ಗಿಸಿ ಕೊಡುವವರಿದ್ದಾರೆ, ದರ ಹೋಲಿಸುವಾಗ ಆ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿಕೊಳ್ಳಿ.

ಅಂದಹಾಗೆ, ಕೆಂಪು ಕಾರಿಗೆ ವಿಮೆ ದುಬಾರಿ ಎಂಬ ನಂಬಿಕೆ ಅಮೆರಿಕದಲ್ಲಿ ಬಹಳ ಹಳೆಯದು, ಅಂತರ್ಜಾಲದ ಮೂಲಕ ನಮ್ಮಲ್ಲಿಗೂ ಬಂದಿದೆ. ಬಣ್ಣಕ್ಕೂ ದರಕ್ಕೂ ಸಂಬಂಧವಿಲ್ಲ.

ಶಿಕ್ಷಕಿಯ ನೋ ಕ್ಲೇಮ್ ಬೋನಸ್

ಓನ್ ಡ್ಯಾಮೇಜ್ ಭಾಗದಲ್ಲಿ ಚಾಲಕನ ಸ್ವಂತ ದಾಖಲೆಗೆ ಸಿಗುವ ಮುಖ್ಯ ಜಾಗ ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ. 20 ರಿಯಾಯಿತಿ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಈ ರಿಯಾಯಿತಿ ಥರ್ಡ್ ಪಾರ್ಟಿ ಭಾಗಕ್ಕೆ ಅನ್ವಯಿಸುವುದಿಲ್ಲ.

ಇದರ ಹೆಸರನ್ನೇ ಸರಿಯಾಗಿ ಓದಿ. ಇದು 'ಅಪಘಾತವಿಲ್ಲದ' ಬೋನಸ್ ಅಲ್ಲ, 'ಕ್ಲೇಮ್ ಇಲ್ಲದ' ಬೋನಸ್. ತಪ್ಪು ಯಾರದು ಎಂಬ ಪ್ರಶ್ನೆ ಇದರೊಳಗೆ ಇಲ್ಲವೇ ಇಲ್ಲ. ಹಾಗಾಗಿಯೇ ನಮ್ಮ ಶಿಕ್ಷಕಿ, ಕಾರು ನಿಂತಿದ್ದಾಗ ಯಾರೋ ಗುದ್ದಿದ್ದಕ್ಕೆ, ಐದು ವರ್ಷದ ಶೇ. 50 ಕಳೆದುಕೊಂಡರು. ಇನ್ನೊಂದು ಕಡೆ, ದಾರಿಹೋಕರಿಗೆ ಗುದ್ದಿದವನ ಪರವಾಗಿ ಕಂಪನಿ ಥರ್ಡ್ ಪಾರ್ಟಿ ಪರಿಹಾರ ಕೊಟ್ಟರೂ, ತನ್ನ ಕಾರಿನ ರಿಪೇರಿಗೆ ಆತ ಕ್ಲೇಮ್ ಮಾಡದಿದ್ದರೆ ಸಾಮಾನ್ಯವಾಗಿ ಆತನ ಬೋನಸ್ ಹಾಗೇ ಉಳಿಯುತ್ತದೆ. ಮೇಲೆ ಮಾಡಿದ ಲೆಕ್ಕದಲ್ಲಿ 'ಒಂದು ಅಪಘಾತ ಬಹಳ ಹೆಚ್ಚು ಹೇಳುತ್ತದೆ' ಎಂದೆವಲ್ಲ, ಆ ಮಾತು ಚಾಲಕ ತಾನೇ ಮಾಡಿದ ಅಪಘಾತಕ್ಕೆ ಹೊಂದುತ್ತದೆಯೇ ಹೊರತು ನಿಂತ ಕಾರಿಗೆ ಬಿದ್ದ ಪೆಟ್ಟಿಗಲ್ಲ. ಕಂಪನಿಗಳು ಎರಡನ್ನೂ ಒಂದೇ ಚೀಲಕ್ಕೆ ಹಾಕಲು ಕಾರಣ ಖರ್ಚು. ಸಣ್ಣ ಪೆಟ್ಟಿಗೆಲ್ಲ ತಪ್ಪು ಯಾರದೆಂದು ತನಿಖೆ ಮಾಡಿದರೆ ರಿಪೇರಿಗಿಂತ ತನಿಖೆಯೇ ದುಬಾರಿ. ಕಾರಣ ಅರ್ಥವಾಗುತ್ತದೆ. ಆದರೆ ಅದನ್ನು ನ್ಯಾಯ ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಇದರಿಂದ ಇನ್ನೊಂದು ಪರಿಣಾಮವೂ ಇದೆ: ಸಣ್ಣ ಕ್ಲೇಮ್ ಮಾಡುವುದು ಹಲವು ಸಲ ನಷ್ಟ. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 12,000 ರೂಪಾಯಿ ಎಂದುಕೊಳ್ಳಿ. ಶೇ. 50 ಬೋನಸ್ ಇರುವವರು 6,000 ಕಟ್ಟುತ್ತಾರೆ. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷ 12,000, ಅದರ ಮುಂದೆ 9,600, ಆಮೇಲೆ 9,000, 7,800, 6,600. ಮತ್ತೆ 6,000ಕ್ಕೆ ಬರುವಷ್ಟರಲ್ಲಿ ಹೆಚ್ಚಾಗಿ ಕಟ್ಟಿದ್ದು ಒಟ್ಟು 15,000 ರೂಪಾಯಿ. ಕಾರಿನ ಬೆಲೆ ಇಳಿದಂತೆ ಮೂಲ ಪ್ರೀಮಿಯಂ ವರ್ಷಕ್ಕೆ ಶೇ. 10ರಷ್ಟು ತಗ್ಗುತ್ತದೆ ಎಂದು ಹಿಡಿದರೂ ಈ ಮೊತ್ತ 13,000 ದಾಟುತ್ತದೆ. ಇದಲ್ಲದೆ ಪ್ರತಿ ಕ್ಲೇಮಿನಲ್ಲಿ ನಾವೇ ಕೊಡಬೇಕಾದ ಕಡ್ಡಾಯ ಪಾಲು ಬೇರೆ ಇದೆ, 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಅಂದರೆ ಎಂಟು ಸಾವಿರದ ಬಂಪರ್ ರಿಪೇರಿಗೆ ಕ್ಲೇಮ್ ಮಾಡುವ ಮೊದಲು ಒಂದು ಕಾಗದ, ಪೆನ್ನು ತೆಗೆದುಕೊಂಡು ಕೂರುವುದು ಒಳ್ಳೆಯದು. ಬೋನಸ್ ಇನ್ನೂ ಶೇ. 20ರಲ್ಲೇ ಇರುವವರಿಗೆ ಲೆಕ್ಕ ಬೇರೆ, ಅವರು ಕಳೆದುಕೊಳ್ಳುವುದು ಕಡಿಮೆ.

ಸಣ್ಣ ಕ್ಲೇಮ್‌ಗಳನ್ನು ಜನ ಹೀಗೆ ನುಂಗಿಕೊಳ್ಳುವುದರಿಂದ ಕಂಪನಿಯ ಕಣ್ಣಿಗೆ ಕಾಣುವ ದಾಖಲೆಯೂ ಮಸುಕಾಗುತ್ತದೆ. ಐದು ಸಲ ಗೀರಿಸಿಕೊಂಡು ತಾನೇ ದುಡ್ಡು ಕೊಟ್ಟವನು ಕಂಪನಿಯ ಪುಸ್ತಕದಲ್ಲಿ ಆದರ್ಶ ಚಾಲಕ.

ಹೇಗೆ ಓಡಿಸುತ್ತೀರೋ ಹಾಗೆ ಕಟ್ಟಿ

ಗುರುತುಗಳ ಬದಲು ಚಾಲನೆಯನ್ನೇ ಅಳೆಯುವ ದಾರಿ ಈಗ ತೆರೆದಿದೆ. 2022ರ ಜುಲೈಯಲ್ಲಿ ಐಆರ್‌ಡಿಎಐ ಓನ್ ಡ್ಯಾಮೇಜ್ ಭಾಗದಲ್ಲಿ ಎರಡು ಬಗೆಯ ಆಯ್ಕೆಗಳಿಗೆ ಅನುಮತಿ ಕೊಟ್ಟಿತು. ಎಷ್ಟು ಓಡಿಸುತ್ತೀರೋ ಅಷ್ಟಕ್ಕೆ ಕಟ್ಟುವುದು ಒಂದು, ಹೇಗೆ ಓಡಿಸುತ್ತೀರೋ ಅದಕ್ಕೆ ತಕ್ಕಂತೆ ಕಟ್ಟುವುದು ಇನ್ನೊಂದು. ಮೊದಲನೆಯದು ಕಿಲೋಮೀಟರ್ ಲೆಕ್ಕ. ರಸ್ತೆಯಲ್ಲಿ ಕಡಿಮೆ ಹೊತ್ತು ಇರುವ ಕಾರಿಗೆ ಅಪಾಯಕ್ಕೆ ಸಿಕ್ಕುವ ಅವಕಾಶವೂ ಕಡಿಮೆ. ವಾರಕ್ಕೊಮ್ಮೆ ಕಾರು ತೆಗೆಯುವ ನಮ್ಮ ಶಿಕ್ಷಕಿಯಂಥವರಿಗೆ ಇದು ಸಹಜವಾಗಿ ಹೊಂದುತ್ತದೆ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಕಾರಿಗೆ ಜೋಡಿಸಿದ ಪುಟ್ಟ ಸಾಧನ ಅಥವಾ ಮೊಬೈಲಿನಲ್ಲಿರುವ ಆ್ಯಪ್ ವೇಗ, ಗಕ್ಕನೆ ಬ್ರೇಕ್ ಹಾಕುವುದು, ತಿರುವಿನಲ್ಲಿ ಜೋರಾಗಿ ಹೋಗುವುದು, ಓಡಿಸುತ್ತ ಫೋನ್ ಮುಟ್ಟುವುದು, ರಾತ್ರಿಯ ಓಡಾಟ ಇವನ್ನೆಲ್ಲ ದಾಖಲಿಸಿ ಅಂಕ ಕೊಡುತ್ತದೆ. ಬ್ರಿಟನ್ನಿನಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಯುವಕರು ದುಬಾರಿ ಪ್ರೀಮಿಯಂನಿಂದ ತಪ್ಪಿಸಿಕೊಳ್ಳಲು ಇಂಥ 'ಕಪ್ಪು ಪೆಟ್ಟಿಗೆ' ಹಾಕಿಸಿಕೊಳ್ಳುವುದು ಸಾಮಾನ್ಯ. ಅದೃಷ್ಟದ ಸಮಸ್ಯೆಗೆ ಇದು ಒಳ್ಳೆಯ ಮದ್ದು: ಅಪಘಾತ ಹಲವು ವರ್ಷಕ್ಕೊಮ್ಮೆ ಆಗಬಹುದು, ಆದರೆ ಗಕ್ಕನೆ ಬ್ರೇಕ್ ಹಾಕುವುದು ದಿನಾ ಆಗುತ್ತದೆ. ಹೀಗಾಗಿ ಕೆಲವೇ ತಿಂಗಳಲ್ಲಿ ಚಾಲಕನ ಸ್ವಭಾವ ಸ್ವಲ್ಪ ತಿಳಿಯುತ್ತದೆ.

ಆದರೆ ಪೆಟ್ಟಿಗೆಗೆ ಬ್ರೇಕ್ ಕಾಣುತ್ತದೆ, ಬ್ರೇಕಿನ ಕಾರಣ ಕಾಣುವುದಿಲ್ಲ. ಬಣ್ಣ ಬಳಿಯದ ಹಂಪ್, ಅಡ್ಡ ಬಂದ ಹಸು, ಎಡಗಡೆಯಿಂದ ನುಗ್ಗಿದ ಬೈಕು ಯಾವುದೂ ಅದಕ್ಕೆ ಗೊತ್ತಿಲ್ಲ. ರಾತ್ರಿ ಓಡಿಸುವುದು ಅಪಾಯ ಎಂಬುದು ಸರಿ, ಆದರೆ ಆಸ್ಪತ್ರೆಯ ನರ್ಸ್, ಕಾರ್ಖಾನೆಯ ಪಾಳಿ ಕೆಲಸಗಾರ ರಾತ್ರಿ ಓಡಿಸುವುದು ಹುಚ್ಚು ಸಾಹಸಕ್ಕಲ್ಲ. ಜೊತೆಗೆ ನೀವು ಯಾವಾಗ ಎಲ್ಲಿಗೆ ಹೋದಿರಿ ಎಂಬ ವಿವರವೂ ಬೇರೆಯವರ ಕೈಗೆ ಹೋಗುತ್ತದೆ. ಆ್ಯಪ್ ಹಾಕಿಕೊಳ್ಳುವ ಮೊದಲು ಆ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಕ್ಲೇಮ್ ತಿರಸ್ಕರಿಸಲು ಬಳಸುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಲೆಕ್ಕ ಸರಿಯಿದ್ದರೂ ಬೇಡ ಎಂದವರು

ಒಂದು ಗುರುತು ಅಪಾಯವನ್ನು ಸರಿಯಾಗಿ ಹೇಳುತ್ತದೆ ಎಂದ ಮಾತ್ರಕ್ಕೆ ಅದನ್ನು ಬಳಸಬಹುದೇ? ಯುರೋಪಿನಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. ಯುವಕರು ಯುವತಿಯರಿಗಿಂತ ಹೆಚ್ಚು ದೊಡ್ಡ ಅಪಘಾತ ಮಾಡುತ್ತಾರೆ, ಹಾಗಾಗಿ ಯುವತಿಯರಿಗೆ ಪ್ರೀಮಿಯಂ ಕಡಿಮೆ ಇತ್ತು. ಗಣಿತದ ದೃಷ್ಟಿಯಿಂದ ತಪ್ಪಿರಲಿಲ್ಲ. ಆದರೆ 2011ರ ಮಾರ್ಚ್ 1ರಂದು ಯುರೋಪಿಯನ್ ನ್ಯಾಯಾಲಯ, ಗಂಡೋ ಹೆಣ್ಣೋ ಎಂಬ ಆಧಾರದಲ್ಲಿ ದರ ಬೇರೆ ಮಾಡುವುದು ಸಮಾನತೆಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂತು. ಆ ತೀರ್ಪಿನಿಂದ ಎಚ್ಚರಿಕೆಯ ಯುವತಿಯರು ತಮಗಿದ್ದ ರಿಯಾಯಿತಿ ಕಳೆದುಕೊಂಡರು ಎಂಬುದನ್ನೂ ಹೇಳಬೇಕು. ಒಂದು ಬಗೆಯ ನ್ಯಾಯಕ್ಕೆ ಇನ್ನೊಂದು ಬಗೆಯ ನ್ಯಾಯ ಬೆಲೆ ತೆತ್ತಿತು.

ಕ್ಯಾಲಿಫೋರ್ನಿಯಾದವರು ಬೇರೆ ದಾರಿ ಹಿಡಿದರು. ಅಲ್ಲಿ 1988ರಲ್ಲಿ ಮತದಾರರೇ ಮತ ಹಾಕಿ ಒಪ್ಪಿದ 103ನೇ ಪ್ರಸ್ತಾವದ ಪ್ರಕಾರ, ದರ ನಿಗದಿಯಲ್ಲಿ ಚಾಲನೆಯ ದಾಖಲೆ ಮೊದಲು, ವರ್ಷಕ್ಕೆ ಓಡಿಸುವ ದೂರ ಎರಡನೆಯದು, ಚಾಲನೆಯ ಅನುಭವ ಮೂರನೆಯದು. ಬೇರೆ ಅಂಶಗಳು ಏನಿದ್ದರೂ ಇವುಗಳ ನಂತರ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸಾಲ ತೀರಿಸಿದ ಚರಿತ್ರೆಯ ಅಂಕವನ್ನೂ ಕಾರು ವಿಮೆಗೆ ಬಳಸುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅವಕಾಶವಿಲ್ಲ. ಸಾಲದ ಅಂಕ ಕಡಿಮೆ ಇರುವವರಿಂದ ಕ್ಲೇಮ್ ಹೆಚ್ಚು ಬರುತ್ತದೆ ಎಂಬುದು ಕಂಪನಿಗಳ ವಾದ. ಕೆಲಸ ಕಳೆದುಕೊಂಡು ಕಂತು ತಪ್ಪಿದವನು ಸ್ಟೀರಿಂಗ್ ಹಿಡಿಯುವುದನ್ನೂ ಮರೆತನೇ ಎಂಬುದು ವಿರೋಧಿಗಳ ಪ್ರಶ್ನೆ.

ಊರಿನ ಗುರುತೂ ಹೀಗೆಯೇ. 2017ರಲ್ಲಿ ಪ್ರೊಪಬ್ಲಿಕಾ ಮತ್ತು ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಗಳು ಕ್ಯಾಲಿಫೋರ್ನಿಯಾ, ಇಲಿನಾಯ್, ಮಿಸೌರಿ, ಟೆಕ್ಸಾಸ್ ರಾಜ್ಯಗಳ ದರಗಳನ್ನು ಕ್ಲೇಮ್ ಖರ್ಚಿನ ಜೊತೆ ಹೋಲಿಸಿ ನೋಡಿದವು. ಅಲ್ಪಸಂಖ್ಯಾತ ಜನಾಂಗದವರು ಹೆಚ್ಚಿರುವ ಕೆಲವು ಬಡಾವಣೆಗಳಲ್ಲಿ, ಅಷ್ಟೇ ಅಪಾಯವಿರುವ ಬಿಳಿಯರ ಬಡಾವಣೆಗಳಿಗಿಂತ ಹೆಚ್ಚು ದರ ಇದೆ ಎಂದು ಬರೆದವು. ವಿಮಾ ಉದ್ಯಮ ಆ ವಿಧಾನವನ್ನು ಒಪ್ಪಲಿಲ್ಲ. ಆದರೆ ಪರೀಕ್ಷೆ ಮಾಡುವ ಬಗೆ ನಮಗೆ ಮುಖ್ಯವಾಗಿ ಕಾಣುತ್ತದೆ. ಯಾವುದೋ ಬಡಾವಣೆಯಲ್ಲಿ ದರ ಹೆಚ್ಚಿದೆ ಎಂದಷ್ಟೇ ಹೇಳಿದರೆ ಅನ್ಯಾಯ ಸಾಬೀತಾಗದು, ಅಲ್ಲಿ ಕ್ಲೇಮ್ ಖರ್ಚೂ ಹೆಚ್ಚಿರಬಹುದು. ಖರ್ಚು ಸಮಾನವಾಗಿದ್ದೂ ದರ ಹೆಚ್ಚಿದ್ದರೆ ಅದು ಅಪಾಯದ ಬೆಲೆಯಲ್ಲ.

ನಮ್ಮ ಥರ್ಡ್ ಪಾರ್ಟಿ ಪಟ್ಟಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅದು ಇನ್ನೊಂದು ತುದಿಯಲ್ಲಿದೆ. ಅಲ್ಲಿ ಜಾತಿ, ಬಡಾವಣೆ, ಗಂಡು, ಹೆಣ್ಣು, ಸಾಲ ಯಾವುದೂ ಲೆಕ್ಕಕ್ಕಿಲ್ಲ. ಹಾಗೆಯೇ ಚಾಲಕ ಒಳ್ಳೆಯವನೋ ಅಲ್ಲವೋ ಎಂಬುದೂ ಲೆಕ್ಕಕ್ಕಿಲ್ಲ. ಎಚ್ಚರಿಕೆಯವರು ಕಟ್ಟಿದ ಹಣದಲ್ಲಿ ಅಜಾಗರೂಕರ ಪಾಲೂ ಸೇರಿರುತ್ತದೆ. ಪೆಟ್ಟು ತಿಂದವರಿಗೆ ಪರಿಹಾರ ಸಿಗುವುದೇ ಈ ವಿಮೆಯ ಉದ್ದೇಶ ಎಂದು ಒಪ್ಪಿದರೆ, ಎಲ್ಲರೂ ಕಟ್ಟಬಲ್ಲಂಥ ದರ ಇರುವುದು ಮುಖ್ಯ. ಅಪಾಯಕ್ಕೆ ತಕ್ಕ ದರ ಎಂದು ಕೆಲವರಿಗೆ ಮೂವತ್ತು ಸಾವಿರ ಹಾಕಿದರೆ ಅವರು ನಿಧಾನವಾಗಿ ಓಡಿಸಲು ಕಲಿಯುತ್ತಾರೋ, ವಿಮೆಯನ್ನೇ ಬಿಟ್ಟು ಓಡಿಸುತ್ತಾರೋ? ನಮ್ಮ ರಸ್ತೆಗಳಲ್ಲಿ ಎರಡನೆಯದೇ ಹೆಚ್ಚು ಎಂಬ ಭಯ ನಮಗಿದೆ. ದೊಡ್ಡ ದರದ ಬದಲು, ಉಲ್ಲಂಘನೆಯ ದಾಖಲೆಗೆ ತಕ್ಕ ಸಣ್ಣ ಹೆಚ್ಚುವರಿ ಮೊತ್ತ ಇದ್ದರೆ ಎರಡೂ ಕಡೆ ಸರಿಹೋಗಬಹುದು ಎಂಬುದು ನಮ್ಮ ಅನಿಸಿಕೆ.

ಇನ್ನು ಶಿಕ್ಷಕಿಯ ವಿಷಯ. ಗುದ್ದಿದವರ ನಂಬರು ಸಿಕ್ಕಿದ್ದರೆ, ಅವರ ಥರ್ಡ್ ಪಾರ್ಟಿ ವಿಮೆಯಿಂದ ರಿಪೇರಿ ಖರ್ಚು ಕೇಳುವ ಹಕ್ಕು ಅವರಿಗಿತ್ತು, ಆಗ ಅವರ ಸ್ವಂತ ಬೋನಸ್ಸಿಗೆ ಧಕ್ಕೆ ಇರುತ್ತಿರಲಿಲ್ಲ. ಆದರೆ ಅದಕ್ಕೆ ಪೊಲೀಸ್ ದೂರು, ನ್ಯಾಯಮಂಡಳಿ ಎಂದು ಅಲೆದಾಟವಿದೆ, ಎಂಟು ಸಾವಿರದ ಬಂಪರಿಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಬೋನಸ್ ಉಳಿಸಿಕೊಡುವ 'ಎನ್‌ಸಿಬಿ ಪ್ರೊಟೆಕ್ಷನ್' ಎಂಬ ಹೆಚ್ಚುವರಿ ರಕ್ಷಣೆಯನ್ನು ಕಂಪನಿಗಳು ಮಾರುತ್ತವೆ. ಬೋನಸ್ ಮೇಲಿನ ಮೆಟ್ಟಿಲಿಗೆ ಬಂದವರು ಅದರ ಬೆಲೆ ಕೇಳಿ ನೋಡಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಒಂದೂ ಕ್ಲೇಮ್ ಮಾಡದಿದ್ದರೂ ಬೋನಸ್ ಹೋಗುತ್ತದೆ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಬೋನಸ್ ಸೇರುವುದು ಕಾರಿಗಲ್ಲ, ಮಾಲೀಕರಿಗೆ. ಹಳೆಯ ಕಾರು ಮಾರುವಾಗ ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದನ್ನು ಬಳಸಬಹುದು. ಹಳೆಯ ಕಾರನ್ನು ಕೊಂಡವರಿಗೆ ಆ ರಿಯಾಯಿತಿ ಸಿಗುವುದಿಲ್ಲ, ಸಿಗುತ್ತದೆ ಎಂದು ಯಾರಾದರೂ ಹೇಳಿ ಹೆಚ್ಚು ಬೆಲೆ ಕೇಳಿದರೆ ನಂಬಬೇಡಿ.